ದೇವರ ಮೇಲೆ ಭಾರ ಹಾಕಿದ ಮೇಲೆ ನಾನೇನು ಮಾಡಬೇಕು?

ಕೆಲಸಕ್ಕಾಗಿ ಪ್ರಾರ್ಥಿಸುತ್ತಿರುವವರು, ಮದುವೆಗಾಗಿ ಕಾಯುತ್ತಿರುವವರು, ಕಾಯಿಲೆಯಲ್ಲಿ ಮಲಗಿರುವವರು, ಮಕ್ಕಳ ವಿಷಯದಲ್ಲಿ ಕಣ್ಣೀರು ಹಾಕುತ್ತಿರುವವರು, ಎಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತಾರೆ. ಪ್ರಾರ್ಥನೆ ಮಾಡಿದ್ದಾಯಿತು. ಈಗ ಕಾಯಬೇಕಾ, ಎದ್ದು ಓಡಾಡಬೇಕಾ? ಓಡಾಡಿದರೆ ನನಗೆ ನಂಬಿಕೆ ಸಾಲದು ಅಂತಲಾ? ಸುಮ್ನೆ ಕೂತರೆ ಸೋಮಾರಿ ಅಂತಲಾ?

ಸಭೆಯಲ್ಲಿ (ಚರ್ಚಿನಲ್ಲಿ) ಸಿಗುವ ಉತ್ತರಗಳೂ ಎರಡು ಕಡೆಗೆ ಎಳೆಯುತ್ತವೆ. "ಎಲ್ಲಾ ಕರ್ತನ ಕೈಗೆ ಬಿಟ್ಟುಬಿಡಿ, ಆತನೇ ನೋಡಿಕೊಳ್ಳುತ್ತಾನೆ" ಅನ್ನುತ್ತಾರೆ ಒಬ್ಬರು. "ದೇವರು ಕೈಕಾಲು ಕೊಟ್ಟಿರುವುದು ಯಾಕೆ ಮತ್ತೆ?" ಅನ್ನುತ್ತಾರೆ ಇನ್ನೊಬ್ಬರು. ಇಬ್ಬರ ಹತ್ತಿರವೂ ವಾಕ್ಯವಿದೆ. ಹಾಗಾಗಿ ತುಂಬಾ ಜನ ಮಧ್ಯದ ದಾರಿ ಹುಡುಕುತ್ತಾರೆ. ಅರ್ಧ ದೇವರು, ಅರ್ಧ ನಾನು, ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ.

ಆ ಲೆಕ್ಕದಲ್ಲೇ ತಪ್ಪಿದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅರ್ಧರ್ಧ ಹಂಚಿಕೊಂಡರೆ ಎರಡೂ ಕೆಡುತ್ತವೆ. ಪ್ರಾರ್ಥನೆಯೂ ಅರೆಮನಸ್ಸಿನದು, ಕೆಲಸವೂ ಅರೆಮನಸ್ಸಿನದು. ಬೈಬಲ್ ತೋರಿಸುವ ರೀತಿ ಬೇರೆ. ನನ್ನ ಮುಂದಿರುವ ಕೆಲಸ ಪೂರ್ತಿ ನನ್ನದು. ಅದರ ಫಲ ಪೂರ್ತಿ ದೇವರದು. ಕೆಲಸ ಮಾಡಲು ಬೇಕಾದ ಬಲವನ್ನೂ ಆತನೇ ಕೊಡುತ್ತಾನೆ. ಕೊರಿಂಥದ ಸಭೆಯವರಿಗೆ ಅಪೊಸ್ತಲ ಪೌಲ ಬರೆದದ್ದು ಇದನ್ನೇ: ನಾನು ನೆಟ್ಟೆ, ಅಪೊಲ್ಲೋಸ ನೀರು ಹಾಕಿದ, ಬೆಳೆಸಿದವನು ದೇವರು (1 ಕೊರಿಂಥ 3:6).

ಇದನ್ನು ದಿನದ ಬದುಕಿನಲ್ಲಿ ನಡೆಸುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ಹಡಗಿನ ಕಥೆಯನ್ನು ನಿಧಾನವಾಗಿ ನೋಡಬೇಕು.

ಮುರಿಯುತ್ತಿದ್ದ ಹಡಗಿನಲ್ಲಿ ಪೌಲ

ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ. ಪೌಲ ಕೈದಿಯಾಗಿ ರೋಮ್‌ಗೆ ಹೋಗುತ್ತಿದ್ದಾನೆ. ಹಡಗಿನಲ್ಲಿ ಒಟ್ಟು 276 ಜನ. ಬಿರುಗಾಳಿ ಹಿಡಿದಿದೆ. ಎಷ್ಟೋ ದಿನದಿಂದ ಸೂರ್ಯನೂ ಕಾಣಿಸಿಲ್ಲ, ನಕ್ಷತ್ರಗಳೂ ಕಾಣಿಸಿಲ್ಲ. ಬದುಕುವ ಆಸೆಯನ್ನೇ ಬಿಟ್ಟಿದ್ದಾರೆ. ಆಗ ಒಂದು ರಾತ್ರಿ ದೇವದೂತ ಬಂದು ಪೌಲನಿಗೆ ಹೇಳುತ್ತಾನೆ: ಹೆದರಬೇಡ, ನಿನ್ನ ಜೊತೆ ಪ್ರಯಾಣ ಮಾಡುತ್ತಿರುವ ಎಲ್ಲರನ್ನೂ ದೇವರು ನಿನಗೆ ಕೊಟ್ಟಿದ್ದಾನೆ. ಹಡಗು ಹೋಗುತ್ತದೆ, ಒಬ್ಬರ ಪ್ರಾಣವೂ ಹೋಗುವುದಿಲ್ಲ ಅಂತ ಪೌಲ ಎಲ್ಲರಿಗೂ ತಿಳಿಸುತ್ತಾನೆ.

ಇಷ್ಟು ಸ್ಪಷ್ಟವಾದ ವಾಗ್ದಾನ ನಮ್ಮಲ್ಲಿ ಎಷ್ಟು ಜನಕ್ಕೆ ಸಿಕ್ಕಿದೆ? ಇದಾದ ಮೇಲೆ ಪೌಲ ಒಂದು ಮೂಲೆಯಲ್ಲಿ ಮಲಗಿ ನಿದ್ದೆ ಮಾಡಬಹುದಿತ್ತು. ಅವನು ಮಾಡಿದ್ದು ಬೇರೆ. ಹದಿನಾಲ್ಕನೆಯ ರಾತ್ರಿ ನಾವಿಕರು ಹಡಗಿನ ಮುಂಭಾಗದಲ್ಲಿ ಲಂಗರು ಹಾಕುವ ನೆಪ ಮಾಡಿ, ಚಿಕ್ಕ ದೋಣಿಯನ್ನು ನೀರಿಗಿಳಿಸಿ ತಪ್ಪಿಸಿಕೊಳ್ಳಲು ನೋಡುತ್ತಾರೆ. ಪೌಲ ಅದನ್ನು ಕಂಡುಹಿಡಿದು ಕೈದಿಗಳ ಕಾವಲಿಗಿದ್ದ ಸೇನಾಧಿಕಾರಿ ಶತಾಧಿಪತಿಗೆ ಹೇಳುತ್ತಾನೆ: ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಯಾರೂ ಉಳಿಯುವುದಿಲ್ಲ. ಸೈನಿಕರು ಹಗ್ಗ ಕತ್ತರಿಸಿ ದೋಣಿಯನ್ನು ಬಿಟ್ಟುಬಿಡುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಿ. ಯಾರೂ ಸಾಯುವುದಿಲ್ಲ ಅಂತ ದೇವರು ಹೇಳಿದ್ದಾನೆ. ನಾವಿಕರು ಹೋದರೆ ಎಲ್ಲರೂ ಸಾಯುತ್ತೀರಿ ಅಂತ ಪೌಲ ಹೇಳುತ್ತಾನೆ. ಪೌಲನಿಗೆ ಈ ಎರಡು ಮಾತು ಒಂದಕ್ಕೊಂದು ವಿರುದ್ಧ ಅನ್ನಿಸಲೇ ಇಲ್ಲ. ಕಾಪಾಡುತ್ತೇನೆ ಅಂದ ದೇವರು, ಹಡಗು ನಡೆಸಲು ಬಲ್ಲವರ ಕೈಯಿಂದಲೇ ಕಾಪಾಡುತ್ತಾನೆ ಅಂತ ಅವನಿಗೆ ಗೊತ್ತಿತ್ತು.

ಬೆಳಗಾಗುವ ಹೊತ್ತಿಗೆ ಪೌಲ ಎಲ್ಲರಿಗೂ ಊಟ ಮಾಡಿ ಅನ್ನುತ್ತಾನೆ. ತಾನೇ ರೊಟ್ಟಿ ತೆಗೆದುಕೊಂಡು, ದೇವರಿಗೆ ಸ್ತೋತ್ರ ಮಾಡಿ, ಮುರಿದು ತಿನ್ನುತ್ತಾನೆ. ಆಮೇಲೆ ಉಳಿದ ಗೋಧಿಯನ್ನು ಸಮುದ್ರಕ್ಕೆ ಸುರಿದು ಹಡಗನ್ನು ಹಗುರ ಮಾಡುತ್ತಾರೆ. ಹಡಗು ನೆಲಕ್ಕೆ ತಾಗಿ ಒಡೆಯುತ್ತದೆ. ಈಜು ಬಂದವರು ಮೊದಲು ಹಾರುತ್ತಾರೆ, ಬಾರದವರು ಹಲಗೆ ಹಿಡಿದುಕೊಂಡು ದಡಕ್ಕೆ ಬರುತ್ತಾರೆ. ಎಲ್ಲರೂ ಉಳಿದರು, ದೇವರು ಹೇಳಿದ ಹಾಗೇ. ಆದರೂ ಪ್ರತಿಯೊಬ್ಬರೂ ನೆನೆದರು, ಕೈಕಾಲು ಬಡಿದರು. ದಡ ಸೇರಿದ ಮೇಲೆ ಪೌಲ ಕಟ್ಟಿಗೆ ಆರಿಸಿ ಬೆಂಕಿಗೆ ಹಾಕುತ್ತಿದ್ದ ಅಂತ ಮುಂದಿನ ಅಧ್ಯಾಯದಲ್ಲಿದೆ.

ವಾಗ್ದಾನ ಸಿಕ್ಕಿತು ಅಂತ ಪೌಲನ ಕೆಲಸ ನಿಲ್ಲಲಿಲ್ಲ. ಕೆಲಸ ಮಾಡುವ ಧೈರ್ಯ ಅವನಿಗೆ ಬಂದದ್ದೇ ವಾಗ್ದಾನದಿಂದ. ಈಗ ನಮ್ಮ ವಿಷಯಕ್ಕೆ ಬರೋಣ.

1. ಯಾವುದಕ್ಕೆ ಪ್ರಯತ್ನ, ಯಾವುದಕ್ಕೆ ಅಲ್ಲ ಅಂತ ಮೊದಲು ತಿಳಿದುಕೊಳ್ಳಿ

ದೇವರ ಪ್ರೀತಿಯನ್ನು ಸಂಪಾದಿಸಲು ಪ್ರಯತ್ನ ಬೇಡ. ಇದು ಎಲ್ಲಕ್ಕಿಂತ ಮೊದಲ ಮಾತು. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ ಬಂದದ್ದು, ಕ್ರಿಯೆಗಳಿಂದ ಬಂದದ್ದಲ್ಲ ಅಂತ ಎಫೆಸ 2:8-9 ಹೇಳುತ್ತದೆ. ಅದರ ಮುಂದಿನ ವಚನವನ್ನೂ ಓದಿ. ಸತ್ಕಾರ್ಯಗಳನ್ನು ಮಾಡುವುದಕ್ಕಾಗಿಯೇ ನಾವು ಕ್ರಿಸ್ತ ಯೇಸುವಿನಲ್ಲಿ ಸೃಷ್ಟಿಯಾದವರು ಅಂತಿದೆ. ಮಗನಾಗಲು ದುಡಿಯುವುದು ಒಂದು, ಮಗನಾದ ಮೇಲೆ ಅಪ್ಪನ ಜೊತೆ ದುಡಿಯುವುದು ಇನ್ನೊಂದು.

ಇದು ಬರೀ ಸಿದ್ಧಾಂತದ ಮಾತಲ್ಲ. ನಿಮ್ಮ ಪ್ರಯತ್ನದ ಹಿಂದೆ ಏನಿದೆ ಅಂತ ಇದರಿಂದ ಗೊತ್ತಾಗುತ್ತದೆ. ಬೆಳಗಿನ ಪ್ರಾರ್ಥನೆ ತಪ್ಪಿದ ದಿನ "ಇವತ್ತು ದೇವರು ನನ್ನ ಮೇಲೆ ಕೋಪದಲ್ಲಿದ್ದಾನೆ, ಕೆಲಸ ಕೆಡುತ್ತದೆ" ಅಂತ ಭಯವಾಗುತ್ತದಾ? ಹಾಗಿದ್ದರೆ ಒಳಗೆ ಎಲ್ಲೋ ಇನ್ನೂ ಕೂಲಿಯ ಲೆಕ್ಕ ನಡೆಯುತ್ತಿದೆ. ಆ ಲೆಕ್ಕವನ್ನು ಬಿಡದೆ ಮುಂದಿನ ಯಾವ ಹೆಜ್ಜೆ ಇಟ್ಟರೂ ದಣಿವೇ ಜಾಸ್ತಿ.

2. ಒಂದು ಹಾಳೆ ತೆಗೆದುಕೊಳ್ಳಿ

ನಿಮ್ಮನ್ನು ಕಾಡುತ್ತಿರುವ ವಿಷಯ ಒಂದೇ ಒಂದನ್ನು ಮೇಲೆ ಬರೆಯಿರಿ. ಮಧ್ಯದಲ್ಲಿ ಗೆರೆ ಎಳೆಯಿರಿ. ಎಡಗಡೆ "ನನ್ನ ಕೈಯಲ್ಲಿರುವುದು", ಬಲಗಡೆ "ದೇವರ ಕೈಯಲ್ಲಿರುವುದು".

ಕೆಲಸ ಹುಡುಕುತ್ತಿರುವವರ ಹಾಳೆಯನ್ನೇ ನೋಡೋಣ. ಎಡಗಡೆ ಬರುವುದು: ನನ್ನ ವಿವರಗಳನ್ನು ಸರಿಯಾಗಿ ಬರೆದು ಬಲ್ಲವರೊಬ್ಬರಿಗೆ ತೋರಿಸುವುದು, ವಾರಕ್ಕೆ ಇಷ್ಟು ಅರ್ಜಿ ಅಂತ ಹಾಕುವುದು, ಪರಿಚಯದವರಿಗೆ ಸಂಕೋಚ ಬಿಟ್ಟು ಹೇಳುವುದು, ಕೊರತೆ ಇರುವ ಒಂದು ವಿದ್ಯೆಯನ್ನು ಕಲಿಯುವುದು, ಇಂಟರ್‌ವ್ಯೂಗೆ ಸಮಯಕ್ಕೆ ಸರಿಯಾಗಿ ಹೋಗುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ನಿಜ ಹೇಳುವುದು. ಬಲಗಡೆ ಬರುವುದು: ಅವರು ಕರೆಯುತ್ತಾರೋ ಇಲ್ಲವೋ, ಎದುರು ಕೂತವರ ಮನಸ್ಸು, ಇನ್ನೆಷ್ಟು ಜನ ಬಂದಿರುತ್ತಾರೆ, ಯಾವ ತಿಂಗಳು ಬಾಗಿಲು ತೆರೆಯುತ್ತದೆ.

ಬರೆದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ನಮ್ಮ ಚಿಂತೆಯೆಲ್ಲಾ ಬಲಗಡೆಯ ಸಾಲುಗಳ ಮೇಲಿರುತ್ತದೆ. ಎಡಗಡೆಯ ಕೆಲಸಗಳು ಹಾಗೇ ಬಿದ್ದಿರುತ್ತವೆ. ಅಂದರೆ ದೇವರ ಕೆಲಸವನ್ನು ನಾವು ತಲೆಯಲ್ಲಿ ಹೊತ್ತು, ನಮ್ಮ ಕೆಲಸವನ್ನು ಆತನ ಮೇಲೆ ಹಾಕಿದ್ದೇವೆ. ನನಗೆ ಗೊತ್ತಿರುವ ಬಹಳಷ್ಟು ಆತ್ಮಿಕ ದಣಿವಿಗೆ ಕಾರಣ ಈ ಅದಲುಬದಲು.

ಬಲಗಡೆಯದನ್ನು ಪ್ರಾರ್ಥನೆಯಲ್ಲಿ ಒಂದೊಂದಾಗಿ ಹೆಸರು ಹೇಳಿ ಒಪ್ಪಿಸಿ. "ಎಲ್ಲಾ ನಿನ್ನ ಕೈಯಲ್ಲಿದೆ ಕರ್ತನೇ" ಅಂತ ಒಟ್ಟಾಗಿ ಹೇಳುವುದು ಸುಲಭ, ಆದರೆ ಅದರಿಂದ ಎದೆಯ ಭಾರ ಇಳಿಯುವುದು ಕಡಿಮೆ. ಎಡಗಡೆಯದರಲ್ಲಿ ಒಂದಕ್ಕೆ ಇವತ್ತಿನ ತಾರೀಖು ಹಾಕಿ.

1 ಪೇತ್ರ 5ನೇ ಅಧ್ಯಾಯದ 7 ಮತ್ತು 8ನೇ ವಚನಗಳನ್ನು ಒಟ್ಟಿಗೆ ಓದುವ ಅಭ್ಯಾಸ ಮಾಡಿಕೊಳ್ಳಿ. ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ ಅಂತ ಒಂದು ವಚನ. ಸ್ವಸ್ಥಚಿತ್ತರಾಗಿರಿ, ಎಚ್ಚರವಾಗಿರಿ ಅಂತ ಮುಂದಿನ ವಚನ. ನಾವು ಮೊದಲನೆಯದನ್ನು ಮಾತ್ರ ಗೋಡೆಗೆ ನೇತುಹಾಕುತ್ತೇವೆ.

3. ಕೆಲಸ ಶುರು ಮಾಡುವ ಮುಂಚೆ ಪ್ರಾರ್ಥಿಸಿ, ಕೆಟ್ಟ ಮೇಲೆ ಅಲ್ಲ

ಪರ್ಷಿಯದ ಅರಸನ ಪಾನದಾಯಕನಾಗಿದ್ದ ಯೆಹೂದ್ಯ ನೆಹೆಮೀಯ ಇದರಲ್ಲಿ ಒಳ್ಳೆಯ ಗುರು. ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ಕೇಳಿ ಅತ್ತ, ಉಪವಾಸ ಮಾಡಿದ, ಪ್ರಾರ್ಥಿಸಿದ. ಕಿಸ್ಲೇವ್ ತಿಂಗಳಿಂದ ನೀಸಾನ್ ತಿಂಗಳವರೆಗೆ, ಹತ್ತಿರ ಹತ್ತಿರ ನಾಲ್ಕು ತಿಂಗಳು ಕಾದ. ಆದರೆ ಅರಸ ಅರ್ತಷಸ್ತ "ನಿನಗೇನು ಬೇಕು?" ಅಂತ ಕೇಳಿದಾಗ ಅವನ ಬಾಯಿಂದ ಬಂದ ಉತ್ತರ ನೋಡಿ. ಅಲ್ಲೇ ನಿಂತು ಮನಸ್ಸಿನಲ್ಲೇ ಪ್ರಾರ್ಥಿಸಿದ. ಆಮೇಲೆ ಇಷ್ಟು ಸಮಯ ಬೇಕು, ದಾರಿಯ ಅಧಿಪತಿಗಳಿಗೆ ಪತ್ರಗಳು ಬೇಕು, ಬಾಗಿಲುಗಳಿಗೆ ಮರ ಬೇಕು, ಅದಕ್ಕೆ ಅರಸನ ವನಪಾಲಕ ಆಸಾಫನಿಗೆ ಪತ್ರ ಬೇಕು ಅಂತ ಬಿಡಿಬಿಡಿಯಾಗಿ ಕೇಳಿದ. ಅರಸನ ವನ ನೋಡಿಕೊಳ್ಳುವವನ ಹೆಸರು ಸಹ ಅವನಿಗೆ ಗೊತ್ತಿತ್ತು! ಪ್ರಾರ್ಥನೆಯ ಆ ತಿಂಗಳುಗಳಲ್ಲಿ ಅವನ ತಲೆಯೂ ಕೆಲಸ ಮಾಡುತ್ತಿತ್ತು.

ಯೆರೂಸಲೇಮಿಗೆ ಬಂದ ಮೇಲೂ ತಕ್ಷಣ ಭಾಷಣ ಮಾಡಲಿಲ್ಲ. ರಾತ್ರಿಯಲ್ಲಿ ಎದ್ದು, ಕೆಲವೇ ಜನರ ಜೊತೆ ಹೋಗಿ ಗೋಡೆ ಎಲ್ಲೆಲ್ಲಿ ಒಡೆದಿದೆ ಅಂತ ಕಣ್ಣಾರೆ ನೋಡಿದ. ಶತ್ರುಗಳು ಬರುತ್ತಾರೆ ಅಂತ ಗೊತ್ತಾದಾಗ ಏನು ಮಾಡಿದರು ಅಂತ ನೆಹೆಮೀಯ 4:9 ಒಂದೇ ಉಸಿರಿನಲ್ಲಿ ಹೇಳುತ್ತದೆ: ನಮ್ಮ ದೇವರಿಗೆ ಪ್ರಾರ್ಥಿಸಿ, ಹಗಲಿರುಳು ಕಾವಲಿಟ್ಟೆವು. ಗೋಡೆ 52 ದಿನದಲ್ಲಿ ಮುಗಿಯಿತು. ಆಗ ಸುತ್ತಲಿನವರಿಗೂ ಇದು ದೇವರಿಂದಲೇ ಆದದ್ದು ಅಂತ ಗೊತ್ತಾಯಿತು ಅಂತ ಅವನೇ ಬರೆದಿದ್ದಾನೆ.

ನೀವೂ ಪ್ರಾರ್ಥಿಸುವಾಗ ಹತ್ತಿರ ಪೆನ್ನು, ಪುಸ್ತಕ ಇಟ್ಟುಕೊಳ್ಳಿ. ಮಧ್ಯದಲ್ಲಿ "ಅವರಿಗೊಂದು ಫೋನ್ ಮಾಡಬೇಕು", "ಆ ಕಾಗದ ಹುಡುಕಬೇಕು" ಅಂತ ನೆನಪಾದರೆ ಅದನ್ನು ಅಡ್ಡಿ ಅಂತ ಓಡಿಸಬೇಡಿ. ಬರೆದಿಟ್ಟು ಪ್ರಾರ್ಥನೆ ಮುಂದುವರಿಸಿ. ಎಷ್ಟೋ ಸಲ ಉತ್ತರ ಬರುವುದೇ ಹೀಗೆ, ಮುಂದಿನ ಕೆಲಸದ ನೆನಪಾಗಿ.

4. ಇವತ್ತಿನ ಪಾಲನ್ನು ಇವತ್ತು ಮಾಡಿ

ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಮನ್ನ ಅನ್ನುವ ಆಹಾರ ಬಿದ್ದದ್ದು ಪೂರ್ತಿ ದೇವರ ಕೆಲಸ. ಆದರೆ ಗುಡಾರದೊಳಗೆ ಬಂದು ಬೀಳಲಿಲ್ಲ. ಬೆಳಿಗ್ಗೆ ಎದ್ದು ಹೊರಗೆ ಹೋಗಿ ಕೂಡಿಸಬೇಕಿತ್ತು, ಬಿಸಿಲೇರಿದರೆ ಕರಗಿ ಹೋಗುತ್ತಿತ್ತು. ನಾಳೆಗೂ ಇರಲಿ ಅಂತ ಬಚ್ಚಿಟ್ಟವರದು ಹುಳ ಬಿದ್ದು ನಾರಿತು (ವಿಮೋಚನಕಾಂಡ 16). ಸೋಮಾರಿಗೂ ಸಿಗಲಿಲ್ಲ, ದುರಾಸೆಗೂ ಉಳಿಯಲಿಲ್ಲ. ಇಡೀ ವರ್ಷದ ಚಿಂತೆಯನ್ನು ಇವತ್ತೇ ಮುಗಿಸಲು ಹೋಗಬೇಡಿ. ಮುಂದಿನ ಒಂದು ಹೆಜ್ಜೆ ಯಾವುದು? ಅದನ್ನು ಇಡಿ.

ಕೆಂಪು ಸಮುದ್ರದ ಮುಂದೆ ದೇವರು ಮೋಶೆಗೆ ಹೇಳಿದ್ದೂ ಅದೇ. ನನಗೆ ಯಾಕೆ ಮೊರೆಯಿಡುತ್ತೀ, ಮುಂದಕ್ಕೆ ಹೊರಡಲು ಜನರಿಗೆ ಹೇಳು. ಏನು ಮಾಡಬೇಕು ಅಂತ ಸ್ಪಷ್ಟವಾಗಿ ಗೊತ್ತಿದ್ದೂ ಮತ್ತೆ ಮತ್ತೆ "ದೇವರೇ, ದಾರಿ ತೋರಿಸು" ಅಂತ ಕೇಳುತ್ತಿದ್ದರೆ, ಅದು ಕೆಲಸ ಮುಂದೂಡುವ ಒಂದು ದಾರಿ ಅಷ್ಟೇ. ಕ್ಷಮೆ ಕೇಳಬೇಕಾದ ಅಣ್ಣನ ಹತ್ತಿರ ಹೋಗುವುದಕ್ಕೆ ಇನ್ನೊಂದು ದರ್ಶನ ಬೇಕಾಗಿಲ್ಲ, ಅಲ್ವಾ?

5. ಔಷಧಿ, ಡಾಕ್ಟರ್, ಸಲಹೆ: ಇವೆಲ್ಲ ದೇವರ ಕೈಯೇ

ಈ ಭಾಗವನ್ನು ದಯವಿಟ್ಟು ಹಾರಿಸಿ ಓದಬೇಡಿ. ನಂಬಿಕೆಯ ಹೆಸರಿನಲ್ಲಿ ಅತಿ ಹೆಚ್ಚು ನೋವು ಆಗುವುದು ಇಲ್ಲೇ.

ಅರಸ ಹಿಜ್ಕೀಯನಿಗೆ ಸಾಯುವಂಥ ಕಾಯಿಲೆ ಬಂತು. ಗೋಡೆಯ ಕಡೆ ಮುಖ ಮಾಡಿ ಅತ್ತು ಪ್ರಾರ್ಥಿಸಿದ. ದೇವರು ಕೂಡಲೇ ಪ್ರವಾದಿ ಯೆಶಾಯನ ಮೂಲಕ ಉತ್ತರ ಕೊಟ್ಟ: ನಿನ್ನ ಪ್ರಾರ್ಥನೆ ಕೇಳಿದ್ದೇನೆ, ವಾಸಿ ಮಾಡುತ್ತೇನೆ, ಇನ್ನೂ 15 ವರ್ಷ ಆಯಸ್ಸು ಕೊಡುತ್ತೇನೆ. ಅದರ ಮುಂದಿನ ವಚನದಲ್ಲೇ ಯೆಶಾಯ ಅಂಜೂರದ ಮುದ್ದೆ ತರಿಸಿ ಹುಣ್ಣಿಗೆ ಹಚ್ಚಲು ಹೇಳುತ್ತಾನೆ (2 ಅರಸು 20:5-7). ವಾಗ್ದಾನವಾದ ಮೇಲೆ ಮದ್ದು! "ದೇವರೇ ವಾಸಿ ಮಾಡುತ್ತೇನೆ ಅಂದಿದ್ದಾನಲ್ಲ, ಮತ್ತೆ ಇದೆಲ್ಲ ಯಾಕೆ" ಅಂತ ಹಿಜ್ಕೀಯ ಕೇಳಲಿಲ್ಲ. ಪ್ರವಾದಿಗೂ ಅದು ಅಪನಂಬಿಕೆ ಅನ್ನಿಸಲಿಲ್ಲ.

ಪೌಲನ ಕೈಯಿಂದ ಎಷ್ಟೋ ಜನ ವಾಸಿಯಾದರು. ಆದರೂ ತನ್ನ ಜೊತೆ ಸೇವೆ ಮಾಡುತ್ತಿದ್ದ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಬರೆದ. ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು. ಜೊತೆಗಾರ ಲೂಕ ವೈದ್ಯ. ತನ್ನ ಶರೀರದಲ್ಲಿದ್ದ ಮುಳ್ಳಿಗಾಗಿ ಪೌಲ ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಅನ್ನುವ ಉತ್ತರ ಬಂತು. ಇವರಲ್ಲಿ ಯಾರಿಗೂ "ನಿನಗೆ ನಂಬಿಕೆ ಸಾಲಲಿಲ್ಲ" ಅಂತ ಹೇಳಿದ್ದು ಎಲ್ಲೂ ಇಲ್ಲ. ಕಾಯಿಲೆಯವರಿಗೆ ಆ ಮಾತನ್ನು ಹೇಳುವ ಹಕ್ಕು ನಮಗೂ ಇಲ್ಲ.

ಹಾಗಾಗಿ ಪ್ರಾರ್ಥಿಸಿ, ಡಾಕ್ಟರ್ ಹತ್ತಿರವೂ ಹೋಗಿ. ಗುಣವಾಯಿತು ಅನ್ನಿಸಿದರೂ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ, ಬಿಪಿ, ಮೂರ್ಛೆ, ಮನಸ್ಸಿನ ಕಾಯಿಲೆ, ಇವುಗಳ ಔಷಧಿಯನ್ನು ಇದ್ದಕ್ಕಿದ್ದಂತೆ ಬಿಟ್ಟರೆ ಜೀವಕ್ಕೇ ಅಪಾಯವಾಗಬಹುದು. ದೇವರು ನಿಜವಾಗಿ ವಾಸಿ ಮಾಡಿದ್ದರೆ ಅದು ಪರೀಕ್ಷೆಯಲ್ಲೂ ಕಾಣುತ್ತದೆ. ಯೇಸು ಕುಷ್ಠರೋಗಿಯನ್ನು ಶುದ್ಧಮಾಡಿದ ಮೇಲೆ ಹೋಗಿ ಯಾಜಕನಿಗೆ ತೋರಿಸಿಕೋ ಅಂದದ್ದು ನೆನಪಿರಲಿ. ಮಾತ್ರೆ ಬಿಡಿ ಅಂತ ಯಾರಾದರೂ ಒತ್ತಾಯ ಮಾಡಿದರೆ, ಅವರು ಎಷ್ಟೇ ದೊಡ್ಡ ಸೇವಕರಾಗಿರಲಿ, ಒಪ್ಪಬೇಡಿ.

ದೇವಾಲಯದ ಶಿಖರದ ಮೇಲೆ ಸೈತಾನ ಯೇಸುವಿಗೆ ಹೇಳಿದ್ದೂ ವಾಕ್ಯವನ್ನೇ. ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅಂತ 91ನೇ ಕೀರ್ತನೆಯನ್ನು ತೋರಿಸಿದ. ನಿನ್ನ ದೇವರನ್ನು ಪರೀಕ್ಷಿಸಬಾರದು ಅಂತ ಯೇಸು ಉತ್ತರ ಕೊಟ್ಟ. ಇಳಿಯಲು ಮೆಟ್ಟಿಲಿರುವಾಗ ಹಾರುವುದು ನಂಬಿಕೆಯಲ್ಲ.

6. ಕಾಯುವುದಾ, ಮುಂದೆ ಹೋಗುವುದಾ?

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. ಯಾಕೆಂದರೆ ಪ್ರಯತ್ನ ಕೆಲವೊಮ್ಮೆ ದೇವರನ್ನು ದಾಟಿ ಓಡುತ್ತದೆ. ಅಬ್ರಾಮನಿಗೆ ಮಗನ ವಾಗ್ದಾನವಿತ್ತು. ಕಾನಾನಿಗೆ ಬಂದು ಹತ್ತು ವರ್ಷವಾದರೂ ಮಗುವಿಲ್ಲ. ಹೆಂಡತಿ ಸಾರಯಳು ಮಗು ಪಡೆಯಲು ತನ್ನ ದಾಸಿ ಹಾಗರಳನ್ನು ಕೊಟ್ಟಳು, ಅವನು ಒಪ್ಪಿದ. ಅವನ 86ನೇ ವಯಸ್ಸಿನಲ್ಲಿ ಇಷ್ಮಾಯೇಲ ಹುಟ್ಟಿದ. ವಾಗ್ದಾನದ ಮಗ ಇಸಾಕ ಹುಟ್ಟಿದ್ದು 100ನೇ ವಯಸ್ಸಿನಲ್ಲಿ. ಆ ಅವಸರದ ಬೆಲೆಯನ್ನು ತೆತ್ತವರಲ್ಲಿ ಹಾಗರಳು ಮೊದಲಿಗಳು, ಅವಳ ಮಗ ಎರಡನೆಯವನು. ನಮ್ಮ ಅವಸರಕ್ಕೆ ಬೇರೆಯವರು ಬೆಲೆ ತೆರಬೇಕಾಗುತ್ತದೆ ಅನ್ನುವುದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇಸ್ರಾಯೇಲಿನ ಮೊದಲ ಅರಸ ಸೌಲನದೂ ಇದೇ ಕಥೆ. ಗಿಲ್ಗಾಲಿನಲ್ಲಿ ಏಳು ದಿನ ಪ್ರವಾದಿ ಸಮುವೇಲನಿಗಾಗಿ ಕಾದ. ಜನ ಚದರತೊಡಗಿದರು. ಸಮುವೇಲ ಬಂದು ಅರ್ಪಿಸಬೇಕಿದ್ದ ಸರ್ವಾಂಗಹೋಮವನ್ನು (ದಹನಬಲಿಯನ್ನು) ತಾನೇ ಮಾಡಿಬಿಟ್ಟ. ಮುಗಿಸುವಷ್ಟರಲ್ಲಿ ಸಮುವೇಲ ಬಂದ. ಸೌಲ ಸೋಮಾರಿಯಲ್ಲ, ಅವನದು ಭಯದ ಪ್ರಯತ್ನ.

ಹಾಗಾದರೆ ಗುರುತಿಸುವುದು ಹೇಗೆ? ಮುಂದಿಡಬೇಕಾದ ಹೆಜ್ಜೆಗೆ ಸುಳ್ಳು, ಲಂಚ, ಮುಚ್ಚುಮರೆ ಬೇಕಾಗುತ್ತದಾ ಅಂತ ಮೊದಲು ನೋಡಿ. ಬೇಕಾದರೆ ಅಲ್ಲಿಗೇ ನಿಲ್ಲಿ, ಇನ್ನೇನೂ ಕೇಳಬೇಕಾಗಿಲ್ಲ. ಇನ್ನೊಬ್ಬರನ್ನು ತುಳಿದು ಹೋಗಬೇಕಾಗುತ್ತದಾ ಅಂತಲೂ ನೋಡಿ. ಆಮೇಲೆ ನಿಮ್ಮ ಹೆದರಿಕೆಯನ್ನು ಕೇಳಿಕೊಳ್ಳಿ: ಇವತ್ತೇ ಮಾಡದಿದ್ದರೆ ಎಲ್ಲಾ ಮುಗಿದುಹೋಯಿತು ಅಂತ ಒಳಗೆ ಯಾರೋ ತಳ್ಳುತ್ತಿದ್ದಾರಾ? ಹಾಗಿದ್ದರೆ ಒಂದು ರಾತ್ರಿ ತಡೆಯಿರಿ. ನಿಮ್ಮನ್ನು ಹೊಗಳದ, ನಿಮ್ಮ ಒಳ್ಳೆಯದನ್ನು ಬಯಸುವ ಒಬ್ಬ ಪ್ರೌಢ ವಿಶ್ವಾಸಿಯ ಹತ್ತಿರ ಪೂರ್ತಿ ವಿಷಯ ಹೇಳಿ. ನಿಮಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ ಅಂತ ಗೊತ್ತಿರುವವರನ್ನು ಬಿಟ್ಟು ಬೇರೆಯವರನ್ನು ಆರಿಸಿ.

ಕಾಯುವುದು ಸೋಮಾರಿತನವಾಗಿದೆಯಾ ಅಂತ ತಿಳಿಯಲು ಇನ್ನೂ ಸುಲಭದ ದಾರಿಯಿದೆ. ಕಾಯುತ್ತಿರುವ ಈ ದಿನಗಳಲ್ಲಿ ಏನು ಮಾಡುತ್ತಿದ್ದೀರಿ? ಸೌಲ ಅರಸನಾಗಿರುವಾಗಲೇ ದಾವೀದನಿಗೆ ಮುಂದಿನ ಅರಸನಾಗಿ ಅಭಿಷೇಕವಾಗಿತ್ತು. ಸಿಂಹಾಸನಕ್ಕಾಗಿ ಅವನು ಕೈ ಚಾಚಲಿಲ್ಲ, ಸೌಲ ಕೈಗೆ ಸಿಕ್ಕಾಗಲೂ ಕೊಲ್ಲಲಿಲ್ಲ. ಅಷ್ಟರಲ್ಲಿ ಕುರಿ ಕಾದ, ವೀಣೆ ನುಡಿಸಿದ, ಯುದ್ಧ ಮಾಡಿದ, ಗುಹೆಗೆ ಬಂದ ಸುಮಾರು 400 ಜನರನ್ನು ನೋಡಿಕೊಂಡ. ಒಂದು ಬಾಗಿಲು ಮುಚ್ಚಿದೆ ಅಂತ ಎಲ್ಲಾ ಕೆಲಸವೂ ನಿಲ್ಲಬೇಕಾಗಿಲ್ಲ. ಮದುವೆಗಾಗಿ ಕಾಯುವವರು ಒಳ್ಳೆಯ ಗಂಡನೋ ಹೆಂಡತಿಯೋ ಆಗಲು ಬೇಕಾದ ತಾಳ್ಮೆಯನ್ನು ಈಗಲೇ ಮನೆಯವರ ಜೊತೆ ಕಲಿಯಬಹುದು.

7. ಒಳಗಿನ ಹೋರಾಟದಲ್ಲೂ ಇದೇ

ಕೋಪ, ಕೆಟ್ಟ ಚಟ, ಹೊಟ್ಟೆಕಿಚ್ಚು, ಇವುಗಳ ವಿಷಯದಲ್ಲಿ "ಕರ್ತನೇ, ಇದನ್ನು ತೆಗೆದುಹಾಕು" ಅಂತ ಪ್ರಾರ್ಥಿಸಿ, ಮತ್ತೆ ಅದೇ ಜಾಗಕ್ಕೆ, ಅದೇ ಸ್ನೇಹಿತರ ಹತ್ತಿರ, ಅದೇ ಸಮಯಕ್ಕೆ ಹೋಗುವವರಿದ್ದಾರೆ. ಇನ್ನು ಕೆಲವರು ಪಟ್ಟು ಹಿಡಿದು, ನಿಯಮದ ಮೇಲೆ ನಿಯಮ ಹಾಕಿಕೊಂಡು, ಬಿದ್ದಾಗ ತಮ್ಮನ್ನೇ ದ್ವೇಷಿಸುತ್ತಾರೆ. ಫಿಲಿಪ್ಪಿ 2:12-13 ಇಬ್ಬರಿಗೂ ಔಷಧ. ಭಯದಿಂದ ನಡುಗುತ್ತಾ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ, ಯಾಕೆಂದರೆ ನಿಮ್ಮೊಳಗೆ ಬಯಸುವ ಮನಸ್ಸನ್ನೂ ಮಾಡುವ ಬಲವನ್ನೂ ಕೊಡುವವನು ದೇವರೇ. ಆತನು ಒಳಗೆ ಕೆಲಸ ಮಾಡುತ್ತಿದ್ದಾನೆ, ಅದಕ್ಕೇ ನನ್ನ ಪ್ರಯತ್ನ ವ್ಯರ್ಥವಲ್ಲ.

ರಾತ್ರಿ ಫೋನ್ ನಿಮ್ಮನ್ನು ಬೀಳಿಸುತ್ತಿದ್ದರೆ ಅದನ್ನು ಬೇರೆ ಕೋಣೆಯಲ್ಲಿ ಇಟ್ಟು ಮಲಗಿ, ಆಮೇಲೆ ಪ್ರಾರ್ಥಿಸಿ. ಯೇಸು ಗೆತ್ಸೇಮನೆಯಲ್ಲಿ ಶಿಷ್ಯರಿಗೆ ಎಚ್ಚರವಾಗಿರಿ ಅಂತಲೂ ಹೇಳಿದ, ಪ್ರಾರ್ಥಿಸಿ ಅಂತಲೂ ಹೇಳಿದ. ಬಿದ್ದರೆ ಅದೇ ದಿನ ಅರಿಕೆ ಮಾಡಿ ಏಳಿ. ವಾರಗಟ್ಟಲೆ ಕೊರಗುವುದು ಪಶ್ಚಾತ್ತಾಪ ಅಲ್ಲ.

8. ನಿಲ್ಲಿಸುವುದನ್ನೂ ಕಲಿಯಿರಿ

ಬೆಳಿಗ್ಗೆ ಬೇಗ ಎದ್ದು, ರಾತ್ರಿ ತಡವಾಗಿ ಮಲಗಿ, ಕಷ್ಟಪಟ್ಟು ತಿನ್ನುವುದು ವ್ಯರ್ಥ ಅಂತ 127ನೇ ಕೀರ್ತನೆ ಹೇಳುತ್ತದೆ. ಮನೆ ಕಟ್ಟುವವರು ಬೇಡ ಅಂತ ಅದು ಹೇಳುತ್ತಿಲ್ಲ. ಕಟ್ಟುವವರೂ ಇದ್ದಾರೆ, ಕಾಯುವವರೂ ಇದ್ದಾರೆ. ಯೆಹೋವನಿಲ್ಲದ ಕಟ್ಟುವಿಕೆ ವ್ಯರ್ಥ ಅಂತ ಹೇಳುತ್ತಿದೆ. ನಂಬಿಕೆ ಇದೆಯೋ ಇಲ್ಲವೋ ಅಂತ ನೋಡಲು ಕೆಲಸಕ್ಕಿಂತ ನಿದ್ದೆಯೇ ಒಳ್ಳೆಯ ಪರೀಕ್ಷೆ ಅಂತ ನನಗನ್ನಿಸುತ್ತದೆ. ಕೆಲಸ ಮಾಡುವಾಗ ಎಲ್ಲರೂ ಒಂದೇ ಥರ ಕಾಣುತ್ತಾರೆ.

ಸಂಜೆ ಒಂದು ಹೊತ್ತು ಗೊತ್ತುಮಾಡಿ. ಆಮೇಲೆ ಆ ವಿಷಯದ ಕೆಲಸ ಬೇಡ, ಮಾತೂ ಬೇಡ. ಹಾಳೆಯ ಎಡಗಡೆ ಇವತ್ತು ಮಾಡಿದ್ದಕ್ಕೆ ಗುರುತು ಹಾಕಿ. ಬಲಗಡೆಯದನ್ನು ಇನ್ನೊಮ್ಮೆ ಒಪ್ಪಿಸಿ ಮಲಗಿ. ವಾರಕ್ಕೊಂದು ದಿನ ಪೂರ್ತಿ ಬಿಡುವು ಇರಲಿ. ಅರಣ್ಯದಲ್ಲಿ ಆರನೆಯ ದಿನ ಎರಡು ಪಟ್ಟು ಮನ್ನ ಕೊಟ್ಟ ದೇವರು ಏಳನೆಯ ದಿನ ಹೊರಗೆ ಹೋಗಬೇಡಿ ಅಂದ. ಹೋದವರಿಗೆ ಏನೂ ಸಿಗಲಿಲ್ಲ.

9. ಫಲ ಬಂದಾಗ, ಬಾರದಿದ್ದಾಗ

ಬಂದರೆ, ಸ್ತೋತ್ರ ಮಾಡಿ. ನನ್ನ ಕೈಬಲದಿಂದಲೇ ಇದೆಲ್ಲ ಆಯಿತು ಅಂದುಕೊಳ್ಳಬೇಡಿ ಅಂತ ಧರ್ಮೋಪದೇಶಕಾಂಡ 8ನೇ ಅಧ್ಯಾಯ ಎಚ್ಚರಿಸುತ್ತದೆ. ಪಟ್ಟ ಕಷ್ಟವನ್ನು ಮುಚ್ಚಿಡಬೇಕಾಗಿಲ್ಲ. ನಾನು ಎಲ್ಲರಿಗಿಂತ ಹೆಚ್ಚು ದುಡಿದೆ ಅಂತ ಪೌಲನೇ ಬರೆದ, ಆದರೂ ನಾನಲ್ಲ, ನನ್ನೊಂದಿಗಿದ್ದ ದೇವರ ಕೃಪೆ ಅಂತ ಅದೇ ವಾಕ್ಯದಲ್ಲಿ ಸೇರಿಸಿದ.

ಬಾರದಿದ್ದರೆ ಎರಡು ವಿಷಯ ಬೇರೆ ಮಾಡಿ ನೋಡಿ. ನಾನು ಮಾಡಬೇಕಾದದ್ದು ಏನಾದರೂ ಉಳಿದಿತ್ತಾ? ಉಳಿದಿದ್ದರೆ ಮುಂದಿನ ಸಲ ಸರಿಮಾಡಿ. ಎಲ್ಲಾ ಮಾಡಿಯೂ ಆಗಲಿಲ್ಲವಾದರೆ ನಿಮ್ಮನ್ನು ಹಳಿದುಕೊಳ್ಳುವುದನ್ನು ನಿಲ್ಲಿಸಿ. ಫಲ ನಿಮ್ಮ ಪಾಲಿನದಾಗಿರಲಿಲ್ಲ. ಅಳಬೇಕು ಅನ್ನಿಸಿದರೆ ದೇವರ ಮುಂದೆಯೇ ಅಳಿ. ಕೀರ್ತನೆಗಳಲ್ಲಿ "ಎಷ್ಟು ಕಾಲ, ಯೆಹೋವನೇ?" ಅನ್ನುವ ಕೂಗು ಎಷ್ಟು ಸಲ ಬರುತ್ತದೆ ನೋಡಿ. ಅದೂ ನಂಬಿಕೆಯ ಮಾತೇ. ನಂಬದವರು ಕೇಳುವುದು ಯಾರನ್ನು?

ಏಳಲೂ ಆಗದವರಿಗೆ

ಇಷ್ಟು ಹೊತ್ತು ಮಾಡಿ, ಹೋಗಿ, ಬರೆಯಿರಿ ಅಂತ ಹೇಳಿದೆ. ಆದರೆ ಇದನ್ನು ಓದುತ್ತಿರುವ ಕೆಲವರಿಗೆ ಹಾಸಿಗೆಯಿಂದ ಏಳುವುದೇ ದೊಡ್ಡ ಕೆಲಸ. ದುಃಖ, ಖಿನ್ನತೆ, ದೀರ್ಘ ಕಾಯಿಲೆ. ಅವರಿಗೆ ಮೇಲಿನ ಪಟ್ಟಿಯೇ ಭಾರ. ಪ್ರವಾದಿ ಎಲೀಯ ಸಾವನ್ನು ಬೇಡಿ ಗಿಡದ ಕೆಳಗೆ ಮಲಗಿದಾಗ ದೇವರು ಅವನಿಗೆ ಬುದ್ಧಿವಾದ ಹೇಳಲಿಲ್ಲ. ನಿದ್ದೆ ಮಾಡಲು ಬಿಟ್ಟ. ದೂತ ಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿದ, ಮತ್ತೆ ಊಟ ಸಿಕ್ಕಿತು. ನಿಮ್ಮ ಇವತ್ತಿನ ಪ್ರಯತ್ನ ಊಟ ಮಾಡುವುದು, ಔಷಧಿ ತೆಗೆದುಕೊಳ್ಳುವುದು, ಒಬ್ಬರಿಗೆ ಹೇಳುವುದು, ಇಷ್ಟೇ ಆಗಿರಬಹುದು. ಅಷ್ಟು ಸಾಕು.

ಕಪೆರ್ನೌಮಿನಲ್ಲಿ ಪಾರ್ಶ್ವವಾಯು ಬಂದವನನ್ನು ನಾಲ್ಕು ಜನ ಹೊತ್ತು ತಂದರು. ಬಾಗಿಲಲ್ಲಿ ಜಾಗವಿಲ್ಲದಾಗ ಮಾಳಿಗೆ ಹತ್ತಿ, ಛಾವಣಿ ತೆಗೆದು, ಹಾಸಿಗೆಯನ್ನು ಇಳಿಸಿದರು. ಯೇಸು ಅವರ ನಂಬಿಕೆಯನ್ನು ನೋಡಿದ ಅಂತ ಮಾರ್ಕ ಬರೆಯುತ್ತಾನೆ. ಅವನ ಕೈಲಾಗದ ಪ್ರಯತ್ನವನ್ನು ಅವರು ಮಾಡಿದರು.

ಹಾಗೆ ಹೊರುವವರು ನಿಮಗೂ ಬೇಕು. ಸಭೆಯಲ್ಲೋ ಮನೆಯಲ್ಲೋ ನಂಬಿಕೆಯ ಒಬ್ಬಿಬ್ಬರನ್ನು ಕರೆಯಿರಿ. "ನಾನೇನು ಮಾಡಲಿ?" ಅಂತ ಅವರು ಕೇಳಿದಾಗ "ಪ್ರಾರ್ಥಿಸಿ, ಅಷ್ಟು ಸಾಕು" ಅಂತ ಹೇಳಿ ಕಳಿಸಬೇಡಿ. ಸೋಮವಾರ ಆಸ್ಪತ್ರೆಗೆ ನನ್ನ ಜೊತೆ ಬನ್ನಿ, ಈ ಅರ್ಜಿ ತುಂಬಿಕೊಡಿ, ಸಂಜೆ ಬಂದು ಒಂದು ಗಂಟೆ ಹೊತ್ತು ಹತ್ತಿರ ಕೂತಿರಿ ಅಂತ ಬಿಡಿಸಿ ಹೇಳಿ. ಪ್ರಾರ್ಥನೆಯನ್ನು ಅಲ್ಲೇ ಕೂತು ಒಟ್ಟಿಗೆ ಮಾಡಬಹುದು.